ಗಿಟಾರ್ ಕಿಟ್: ಒಳಗಿನ ಬ್ರೇಸಿಂಗ್‌ನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನನ್ನ ಮೊದಲ ಗಿಟಾರ್ ಒಂದು ಡ್ರೆಡ್‌ನಾಟ್ ಕಿಟ್, ಅಂದರೆ ದೊಡ್ಡ ಡಬ್ಬದ ಅಕೌಸ್ಟಿಕ್ ಗಿಟಾರನ್ನು ಬಿಡಿ ಭಾಗಗಳಿಂದ ನಾವೇ ಕಟ್ಟುವುದು. ಜುಲೈ ತಿಂಗಳು, ಮಂಗಳೂರಿನ ಮನೆ, ಹೊರಗೆ ಬಿಡದೆ ಸುರಿಯುವ ಮಳೆ. ಎರಡೇ ದಿನದಲ್ಲಿ ಟಾಪಿಗೆ, ಅಂದರೆ ಮುಂಭಾಗದ ಹಲಗೆಗೆ, ಒಳಗಿನಿಂದ ಬಲ ಕೊಡುವ ಮರದ ಕಡ್ಡಿಗಳನ್ನು, ಅಂದರೆ ಬ್ರೇಸ್‌ಗಳನ್ನು, ಎಲ್ಲಾ ಅಂಟಿಸಿ ಮುಗಿಸಿದೆ. ಹುಡುಕಿದರೂ ಒಂದು ಸಂದಿ ಸಿಗುತ್ತಿರಲಿಲ್ಲ. ತಟ್ಟಿದರೆ ಗುಂಯ್ ಎನ್ನುತ್ತಿತ್ತು. ಡಬ್ಬ ಮುಚ್ಚಿ, ನೆಕ್ ಕೂರಿಸಿ, ದಸರಾ ಹೊತ್ತಿಗೆ ತಂತಿ ಕಟ್ಟಿದೆ. ಮಾರ್ಚ್‌ನಲ್ಲಿ ಅದನ್ನು ಬೆಂಗಳೂರಿಗೆ ತಂದೆ. ಹದಿನೈದು ದಿನ ಆಗುವಷ್ಟರಲ್ಲಿ ಟಾಪ್ ಒಳಕ್ಕೆ ತಗ್ಗಿತು. ತಂತಿಗಳು ಫ್ರೆಟ್ಟಿಗೆ ತಾಗತೊಡಗಿದವು. ಬ್ರಿಡ್ಜ್ (ಟಾಪಿನ ಮೇಲೆ ತಂತಿ ಸಿಕ್ಕಿಸುವ ಮರದ ತುಂಡು) ಹಿಂದೆ ಮರದ ಎಳೆಯ ಗುಂಟ ಕೂದಲೆಳೆಯಷ್ಟು ಸಣ್ಣ ಸೀಳು ಬಿಟ್ಟಿತು.

ಮೊದಲು ಅಂಟಿನ ಮೇಲೆ ಅನುಮಾನ ಬಂತು. ಆಮೇಲೆ ಅಳತೆಯ ಮೇಲೆ. ಎರಡೂ ಸರಿಯಾಗಿಯೇ ಇದ್ದವು. ಸರಿ ಇರದೇ ಇದ್ದದ್ದು ಅಂಟಿಸಿದ ದಿನ. ಮಳೆಗಾಲದ ಗಾಳಿಯಲ್ಲಿ ನೀರು ಕುಡಿದು ಅಗಲವಾಗಿದ್ದ ಹಲಗೆಯನ್ನು ನಾನು ಹಾಗೆಯೇ ಕಟ್ಟಿಹಾಕಿದ್ದೆ. ಬೇಸಿಗೆಯಲ್ಲಿ ಅದು ಕುಗ್ಗಲು ಹೊರಟಾಗ ಬ್ರೇಸ್ ಬಿಡಲಿಲ್ಲ.

ಅದಾದ ಮೇಲೆ ಇನ್ನೂ ಕೆಲವು ಕಿಟ್‌ಗಳನ್ನು ಕಟ್ಟಿದ್ದೇನೆ. ಗೆಳೆಯರು ಕಟ್ಟಿದವನ್ನು ಬಿಚ್ಚಿ ನೋಡಿದ್ದೇನೆ. ಬ್ರೇಸಿಂಗ್ ದೋಷಗಳಲ್ಲಿ ಬಹುಪಾಲು ಡಬ್ಬ ಮುಚ್ಚುವ ಮುಂಚೆಯೇ ಒಂದು ಸಂಜೆ ಕೂತು ನೋಡಿದರೆ ಸಿಗುತ್ತವೆ. ಮುಚ್ಚಿದ ಮೇಲೆ ಅದೇ ಕೆಲಸವನ್ನು ಸೌಂಡ್‌ಹೋಲ್ ಒಳಗೆ ಕೈ ತೂರಿಸಿ, ಕಣ್ಣಿಗೆ ಕಾಣದೆ, ಬೆರಳ ತುದಿಯಲ್ಲೇ ಮಾಡಬೇಕು.

ಮೊದಲು ಕೇಳಬೇಕಾದ ಪ್ರಶ್ನೆ

ಏನೇ ದೋಷ ಕಂಡರೂ ತಕ್ಷಣ ಉಳಿ ಎತ್ತಬೇಡಿ. ಮೊದಲು ಒಂದು ವಾರ ಅದನ್ನು ಸುಮ್ನೆ ನೋಡಿ. ಹವೆ ಬದಲಾದಂತೆ ದೋಷವೂ ಬದಲಾಗುತ್ತದಾ? ಮಳೆ ಬಂದ ದಿನ ಒಂದು ಥರ, ಬಿಸಿಲಿನ ಮಧ್ಯಾಹ್ನ ಇನ್ನೊಂದು ಥರ ಇದೆಯಾ? ಹಾಗಿದ್ದರೆ ಅದು ತೇವದ ದೋಷ. ಹವೆ ಹೇಗಿದ್ದರೂ ಒಂದೇ ಥರ ಇದ್ದರೆ ಅದು ಕತ್ತರಿಸಿದ್ದರಲ್ಲೋ ಅಂಟಿಸಿದ್ದರಲ್ಲೋ ಆದ ತಪ್ಪು. ತಂತಿ ಬಿಗಿ ಮಾಡಿದಾಗ ಹೆಚ್ಚಾಗಿ, ಸಡಿಲ ಬಿಟ್ಟಾಗ ಕಡಿಮೆಯಾದರೆ ಅದು ಭಾರ ತಡೆಯಲಾಗದ ದೋಷ. ಆಗ ಎಕ್ಸ್ ಬ್ರೇಸ್ (X ಆಕಾರದಲ್ಲಿ ದಾಟುವ ಎರಡು ಉದ್ದ ಬ್ರೇಸ್), ಅದರ ಕೂಡು, ಬ್ರಿಡ್ಜ್ ಪ್ಲೇಟ್ (ಬ್ರಿಡ್ಜ್ ಕೆಳಗೆ ಟಾಪಿನ ಒಳಮೈಗೆ ಅಂಟಿಸುವ ತೆಳು ಹಲಗೆ), ಈ ಮೂರರಲ್ಲೇ ಹುಡುಕಬೇಕು.

ಭಾರ ಎಷ್ಟು ಅನ್ನುವುದೂ ಗೊತ್ತಿರಲಿ. ಮಾಮೂಲಿ 12-53 ಲೈಟ್ ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಸ್ಟೀಲ್ ತಂತಿ ಸರಿಯಾದ ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಎಳೆಯುವ ಬಲ 70 ಕಿಲೋ ದಾಟುತ್ತದೆ. ದೊಡ್ಡ ಆಳೊಬ್ಬನ ತೂಕ ಅದು. ತಡೆಯಬೇಕಾದ ಹಲಗೆಯ ದಪ್ಪ 3 ಮಿ.ಮೀ. ಆಸುಪಾಸು. ಬ್ರೇಸ್ ಇಲ್ಲದಿದ್ದರೆ ಒಂದು ದಿನವೂ ನಿಲ್ಲುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಒಂದು ನೇರವಾದ ಸ್ಟೀಲ್ ಪಟ್ಟಿ, ಒಂದು ಟಾರ್ಚ್, ಹಲ್ಲಿನ ಡಾಕ್ಟರ್ ಬಳಸುವಂಥ ಪುಟ್ಟ ಕನ್ನಡಿ, ಎ4 ಹಾಳೆಯಿಂದ ಕತ್ತರಿಸಿದ ಸಣ್ಣ ಪಟ್ಟಿಗಳು. ಮಾಮೂಲಿ ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಇರುತ್ತದೆ, ಸಂದಿ ಅಳೆಯಲು ಅದೇ ನಮ್ಮ ಫೀಲರ್ ಗೇಜ್. ಇವಿಷ್ಟರ ಜೊತೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇರಲೇಬೇಕು.

ಅಗ್ಗದ ಡಿಜಿಟಲ್ ಹೈಗ್ರೋಮೀಟರ್‌ಗಳು ಎಷ್ಟೋ ಸಲ ತಪ್ಪು ತೋರಿಸುತ್ತವೆ. ಪರೀಕ್ಷೆ ಮಾಡಲು ಅಡುಗೆಮನೆ ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ. ಅದಕ್ಕೆ ಒದ್ದೆ ಮರಳಿನ ಹದ ಬರುವಷ್ಟು ನೀರು ಬೆರೆಸಿ. ಮುಚ್ಚಳ, ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 81 ತೋರಿಸಿದರೆ ನಿಮ್ಮ ಮೀಟರ್ 6 ಜಾಸ್ತಿ ಹೇಳುತ್ತದೆ ಅಂತ ಅದರ ಬೆನ್ನಿಗೇ ಬರೆದು ಅಂಟಿಸಿ.

ಟಾಪ್ ಚಪ್ಪಟೆಯಾಗಿದೆ ಅಥವಾ ಒಳಕ್ಕೆ ತಗ್ಗಿದೆ

ಅಕೌಸ್ಟಿಕ್ ಗಿಟಾರಿನ ಟಾಪ್ ನೋಡಲು ಚಪ್ಪಟೆ, ಆದರೆ ನಿಜವಾಗಿ ಅಲ್ಲ. ಅದಕ್ಕೆ ಬಹಳ ಸಣ್ಣ ಉಬ್ಬು ಇರುತ್ತದೆ. ಎಷ್ಟೋ ಕಿಟ್‌ಗಳ ಬ್ರೇಸ್‌ಗಳನ್ನು 28 ಅಡಿ, ಅಂದರೆ ಸುಮಾರು 8.5 ಮೀಟರ್ ತ್ರಿಜ್ಯದ ಬಾಗಿಗೆ ಕತ್ತರಿಸಿರುತ್ತಾರೆ. ಹಿಂಬದಿ ಹಲಗೆಗೆ ಇನ್ನೂ ಜಾಸ್ತಿ ಬಾಗು, 15 ಅಡಿ ತ್ರಿಜ್ಯ. ಕಣ್ಣಿಗೆ ಹೊಂದುವ ಲೆಕ್ಕದಲ್ಲಿ ಹೇಳಿದರೆ ಹೀಗೆ: 400 ಮಿ.ಮೀ. ಅಗಲದ ಕೆಳಭಾಗದಲ್ಲಿ ಟಾಪಿನ ನಡು ಅಂಚಿಗಿಂತ 2.3 ಮಿ.ಮೀ. ಎತ್ತರ ಇರಬೇಕು. ಹಿಂಬದಿಯಲ್ಲಿ 4.4 ಮಿ.ಮೀ.

ಸ್ಟೀಲ್ ಪಟ್ಟಿಯನ್ನು ಟಾಪಿನ ಹೊರಮೈ ಮೇಲೆ, ಬ್ರಿಡ್ಜ್ ಬರುವ ಜಾಗದಲ್ಲಿ ಅಡ್ಡಲಾಗಿ ಇಡಿ. ನಡುವೆ ತಾಗಿ ಎರಡೂ ತುದಿಯಲ್ಲಿ 2 ಮಿ.ಮೀ. ಬಿಟ್ಟಿದ್ದರೆ ಸರಿ. ತುದಿಗಳು ತಾಗಿ ನಡುವೆ ಬೆಳಕು ಕಂಡರೆ ಟಾಪ್ ತಗ್ಗಿದೆ. ಎಲ್ಲೂ ಬೆಳಕೇ ಕಾಣದಿದ್ದರೆ ಚಪ್ಪಟೆಯಾಗಿದೆ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಅದೇ ಜಾಗದಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆಯಿರಿ. ಪಕ್ಕದಲ್ಲಿ ಹೈಗ್ರೋಮೀಟರ್ ಲೆಕ್ಕವನ್ನೂ ಬರೆಯಿರಿ. ಒಂದು ವಾರ ಮಾಡಿದರೆ ಸಾಕು. ತೇವ ಹೆಚ್ಚಾದಾಗ ಉಬ್ಬು ಏರಿ, ತೇವ ಇಳಿದಾಗ ಉಬ್ಬೂ ಇಳಿದರೆ ನೀವು ಒದ್ದೆ ಹವೆಯಲ್ಲಿ ಅಂಟಿಸಿದ್ದೀರಿ ಎಂಬ ಅನುಮಾನ ಗಟ್ಟಿಯಾಗುತ್ತದೆ. ಶೇ. 45ರ ತೇವದಲ್ಲಿ ಟಾಪ್ ಎಷ್ಟು ಉಬ್ಬಿದೆ ಅನ್ನುವುದು ಮುಖ್ಯ. ಅಲ್ಲಿ 2 ಮಿ.ಮೀ. ಆಸುಪಾಸು ಇದ್ದರೆ ಗಿಟಾರ್ ಸರಿ ಇದೆ, ಮಳೆಗಾಲದಲ್ಲಿ ಸ್ವಲ್ಪ ಹೊಟ್ಟೆ ಬರುವುದು ಸಹಜ. ಅಲ್ಲೇ ಚಪ್ಪಟೆಯಾಗಿದ್ದರೆ ಬ್ರೇಸ್ ಬಿಚ್ಚಿ ಮತ್ತೆ ಅಂಟಿಸಬೇಕು. ಬೇರೆ ದಾರಿ ಇಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಚೆನ್ನಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಟಾಪಿನ ಎಳೆ ಗಿಟಾರಿನ ಉದ್ದಕ್ಕೆ ಓಡುತ್ತದೆ. ಬ್ರೇಸ್‌ಗಳು ಅದನ್ನು ಅಡ್ಡಲಾಗಿ, ಓರೆಯಾಗಿ ದಾಟುತ್ತವೆ. ಹಾಗಾಗಿ ಟಾಪ್ ಅಗಲವಾಗಲು ನೋಡುತ್ತದೆ, ಬ್ರೇಸ್ ಬಿಡುವುದಿಲ್ಲ. ಶೇ. 80 ತೇವದ ಗಾಳಿಯಲ್ಲಿ ಮರ ತನ್ನ ಒಣ ತೂಕದ ಸುಮಾರು ಶೇ. 16ರಷ್ಟು ನೀರು ಹಿಡಿದಿರುತ್ತದೆ. ಶೇ. 45ರಲ್ಲಿ ಅದು ಎಂಟೂವರೆಗೆ ಇಳಿಯುತ್ತದೆ. ಸಿಟ್ಕಾ ಸ್ಪ್ರೂಸ್ ಮರದ 400 ಮಿ.ಮೀ. ಹಲಗೆ ಇಷ್ಟರಲ್ಲೇ 4 ಮಿ.ಮೀ.ಗಿಂತ ಜಾಸ್ತಿ ಕುಗ್ಗಲು ಹೊರಡುತ್ತದೆ. ಒಳಮೈಯನ್ನು ಬ್ರೇಸ್ ಹಿಡಿದಿದೆ, ಹೊರಮೈ ಕುಗ್ಗುತ್ತಿದೆ. ಅದಕ್ಕೇ ಟಾಪ್ ಒಳಕ್ಕೆ ಬಾಗುತ್ತದೆ. ಬಾಗಿಯೂ ತಾಳಲಾಗದಿದ್ದರೆ ಸೀಳುತ್ತದೆ.

ಒಣ ಹವೆಯಲ್ಲಿ ಅಂಟಿಸಿದ್ದು ಮಳೆಗಾಲ ಕಂಡರೆ ಇದರ ತಿರುಗುಮುರುಗು ಆಗುತ್ತದೆ. ಉಬ್ಬು ಜಾಸ್ತಿಯಾಗುತ್ತದೆ, ತಂತಿ ಸ್ವಲ್ಪ ಎತ್ತರವಾಗುತ್ತದೆ, ಅಷ್ಟೇ. ಸೀಳು ಬಿಡುವುದಿಲ್ಲ. ಹಾಗಾಗಿ ತಪ್ಪುವುದಾದರೆ ಒಣ ಕಡೆಗೇ ತಪ್ಪಿ.

ನಮ್ಮ ರಾಜ್ಯದಲ್ಲಿ ಇದು ಸಣ್ಣ ವಿಷಯ ಅಲ್ಲ. ಮಳೆಗಾಲದ ಕರಾವಳಿಯಲ್ಲಿ ತೇವ ಶೇ. 85 ದಾಟುವುದು ಮಾಮೂಲು. ಅದೇ ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಗಿಟಾರ್ ಒಂದು ರಾತ್ರಿಯ ಬಸ್ಸಿನಲ್ಲಿ ಎರಡೂ ಕಾಣಬಹುದು. ಕಿಟ್ ಜೊತೆ ಬರುವ ಸೂಚನೆಯಲ್ಲಿ ಕೋಣೆಯ ತೇವ ಶೇ. 40ರಿಂದ 50ರ ಒಳಗೆ ಇರಲಿ ಎಂಬ ಒಂದು ಸಾಲು ಇರುತ್ತದೆ. ನಾನು ಅದನ್ನು ಓದಿ ದಾಟಿಸಿಬಿಟ್ಟಿದ್ದೆ. ದಯವಿಟ್ಟು ನೀವು ದಾಟಿಸಬೇಡಿ.

ಮಳೆಗಾಲದಲ್ಲೇ ಮಾಡಬೇಕು ಅಂದರೆ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿಕೊಳ್ಳಿ. ಒಳಗೆ ಸಿಲಿಕಾ ಜೆಲ್, ಅಥವಾ ಮರಕ್ಕೆ ತಾಗದಂತೆ ದೂರದಲ್ಲಿ ಒಂದು 40 ವಾಟ್ ಹಳೇ ಬಲ್ಬು. ಟಾಪ್, ಬ್ರೇಸ್ ಎರಡನ್ನೂ ಒಳಗಿಡಿ. ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ಟಾಪನ್ನು ತೂಗಿ. ಮೂರು ದಿನ ತೂಕ ಇಳಿಯದೆ ನಿಂತರೆ ಮರ ಪೆಟ್ಟಿಗೆಯ ಹವೆಗೆ ಹೊಂದಿದೆ ಎಂದು ಅರ್ಥ. ಹೊರಗೆ ತೆಗೆದ ತಕ್ಷಣ ಅಂಟಿಸಿ. ಕ್ಲಾಂಪ್ ಬಿಚ್ಚಿದ ಮೇಲೆ ಮತ್ತೆ ಪೆಟ್ಟಿಗೆಗೆ ಹಾಕಿ. ನಮ್ಮೂರಿನ ಬಡಗಿ ಆಚಾರ್ರು ಹಸಿ ಹಲಗೆಯಲ್ಲಿ ಬಾಗಿಲು ಮಾಡಲು ಒಪ್ಪುತ್ತಿರಲಿಲ್ಲ. ಮರವನ್ನು ಅಟ್ಟದ ಮೇಲೆ ಒಂದು ವರ್ಷ ಇಟ್ಟು ಆಮೇಲೆ ಬನ್ನಿ ಎನ್ನುತ್ತಿದ್ದರು. ಮೂರು ಮಿಲಿಮೀಟರ್ ಹಲಗೆಗೂ ಅದೇ ನ್ಯಾಯ.

ಹವೆ ಏನೇ ಆದರೂ ಅಳತೆ ಕದಲುತ್ತಲೇ ಇಲ್ಲ, ಟಾಪ್ ಮೊದಲ ದಿನದಿಂದಲೇ ಚಪ್ಪಟೆ ಅಂದರೆ ಬೇರೆ ಕಾರಣ ಹುಡುಕಿ. ಬ್ರೇಸಿನ ತಳ ನೇರವಾಗಿದೆಯಾ ನೋಡಿ. ಕೆಲವು ಕಿಟ್‌ಗಳಲ್ಲಿ ಬಾಗು ಕೊಡದ ನೇರ ಕಡ್ಡಿಗಳೇ ಬರುತ್ತವೆ, ಬಾಗು ನಾವು ಕೊಡಬೇಕು. ಬಾಗು ಕೊಟ್ಟ ಬ್ರೇಸನ್ನು ತಲೆಕೆಳಗಾಗಿ ಅಂಟಿಸಿದವರೂ ಇದ್ದಾರೆ. 300 ಮಿ.ಮೀ. ಉದ್ದದ ಕಡ್ಡಿಯಲ್ಲಿ ಈ ಬಾಗು 1.3 ಮಿ.ಮೀ. ಮಾತ್ರ, ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅಂಟಿಸುವ ಮುಂಚೆಯೇ ತಳಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ.

ತಟ್ಟಿದರೆ ಒಂದು ಜಾಗದಲ್ಲಿ ಸದ್ದು ಸತ್ತಿದೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿ ನೋಡುತ್ತಾರಲ್ವಾ, ಅದೇ ಕೆಲಸ. ಟಾಪನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಗುರವಾಗಿ ಹಿಡಿದು ತೂಗಾಡಿಸಿ. ಇನ್ನೊಂದು ಕೈಯ ಬೆರಳಗಂಟಿನಿಂದ ಪ್ರತಿ ಬ್ರೇಸಿನ ಮೇಲೂ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಟ್ಟುತ್ತಾ ಹೋಗಿ. ಸ್ವರ ಮೆಲ್ಲಗೆ ಏರಿಳಿಯುವುದು ಸರಿ. ಇದ್ದಕ್ಕಿದ್ದಂತೆ ಪಟ್ ಪಟ್ ಎಂಬ ಬಿಡಿ ಸದ್ದು ಬಂದರೆ ಅಲ್ಲಿ ಬ್ರೇಸ್ ಮರಕ್ಕೆ ಹತ್ತಿಲ್ಲ.

ಆ ಜಾಗಕ್ಕೆ ಹಾಳೆಯ ಪಟ್ಟಿ ತೂರಿಸಿ. ಕೋಣೆ ಕತ್ತಲು ಮಾಡಿ ಬ್ರೇಸಿನ ಒಂದು ಪಕ್ಕ ಟಾರ್ಚ್ ಹಿಡಿದು ಇನ್ನೊಂದು ಪಕ್ಕದಿಂದ ನೋಡಿ. ಹಾಳೆ ಹೋದರೆ, ಅಥವಾ ಬೆಳಕಿನ ಗೆರೆ ಕಂಡರೆ ಅನುಮಾನವೇ ಇಲ್ಲ. ಎರಡೂ ಇಲ್ಲದೆ ಸದ್ದು ಮಾತ್ರ ಸತ್ತಿದ್ದರೆ ಅಲ್ಲಿ ಅಂಟು ಇದೆ, ಆದರೆ ಹಿಡಿದಿಲ್ಲ. ಇದು ಹೆಚ್ಚು ಅಪಾಯದ್ದು. ಯಾಕೆಂದರೆ ಇವತ್ತು ನಿಂತಿರುತ್ತದೆ, ತಂತಿ ಕಟ್ಟಿ ಆರು ತಿಂಗಳಿಗೆ ಬಿಡುತ್ತದೆ.

ಅಂಟಿಸಿದ ದಿನದ ನೆನಪೂ ಒಂದು ಸಾಕ್ಷಿ. ಕ್ಲಾಂಪ್ ಬಿಗಿದಾಗ ಬ್ರೇಸಿನ ಎರಡೂ ಬದಿಯಲ್ಲಿ ಸಾಸಿವೆ ಕಾಳಿನಂಥ ಅಂಟಿನ ಹನಿಗಳು ಸಾಲಾಗಿ ಬಂದವಾ? ಎಲ್ಲಿ ಬರಲಿಲ್ಲವೋ ಅಲ್ಲೇ ಈಗ ಸದ್ದು ಸತ್ತಿರುತ್ತದೆ. ನಾನು ಈಗ ಅಂಟನ್ನು ಒರೆಸುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದಿಡುತ್ತೇನೆ.

ಕಾರಣಗಳು ಹಲವು. ಬ್ರೇಸಿನ ಬಾಗು ಟಾಪ್ ಕೆಳಗಿನ ಅಚ್ಚಿಗೆ ಹೊಂದದಿರುವುದು ಮೊದಲನೆಯದು. ರೇಡಿಯಸ್ ಡಿಶ್, ಅಂದರೆ ನಡುವೆ ತಗ್ಗಾಗಿ ಕೆತ್ತಿದ ಹಲಗೆ ಇದ್ದರೆ ಅದಕ್ಕೆ ಸ್ಯಾಂಡ್‌ಪೇಪರ್ ಅಂಟಿಸಿ. ಬ್ರೇಸಿನ ತಳಕ್ಕೆ ಅಡ್ಡಡ್ಡ ಪೆನ್ಸಿಲ್ ಗೆರೆ ಎಳೆದು ಅದರ ಮೇಲೆ ಉಜ್ಜಿ. ಎಲ್ಲಾ ಗೆರೆ ಒಟ್ಟಿಗೆ ಅಳಿಸಿದಾಗ ಬಾಗು ಹೊಂದಿದೆ. ಡಿಶ್ ಒಂದು ಬಾಗು, ಕಿಟ್‌ನ ಬ್ರೇಸ್ ಇನ್ನೊಂದು ಬಾಗು ಇರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಕಿಟ್ ಮೇಲೆ ನಂಬಿಕೆ ಇಟ್ಟು ಈ ಉಜ್ಜುವ ಕೆಲಸ ಬಿಡಬೇಡಿ.

ಎರಡನೆಯದು, ಹಳೆಯ ಮೈ. ಮಷಿನ್‌ನಲ್ಲಿ ನುಣುಪು ಮಾಡಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಬಂದ ಮರದ ಮೈ ಅಂಟನ್ನು ಸರಿಯಾಗಿ ಕುಡಿಯುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ನಿಂತರೆ ಅಂಟೂ ಹಾಗೇ ನಿಲ್ಲುತ್ತದೆ. ಅಂಟಿಸುವ ದಿನವೇ ಒಂದು ಸುತ್ತು ಹಗುರವಾಗಿ ಕೆರೆದು ಹೊಸ ಮೈ ತೆಗೆಯಿರಿ, ದೂಳು ಒರೆಸಿ.

ಮೂರನೆಯದು ಸಮಯ. ಟೈಟ್‌ಬಾಂಡ್ ಒರಿಜಿನಲ್ ಥರದ ಹಳದಿ ಅಂಟು ಹಚ್ಚಿದ ಮೇಲೆ ಐದು ನಿಮಿಷದೊಳಗೆ ಕೂರಿಸಿ ಬಿಗಿಯಬೇಕು. ನಮ್ಮ ಬೇಸಿಗೆಯಲ್ಲಿ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅಷ್ಟೂ ಸಿಗುವುದಿಲ್ಲ. ಅಂಟಿನ ಮೇಲೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ಅಂಟು ನೋಡಲು ಹಿಡಿದಂತೆ ಕಂಡರೂ ಹಿಡಿಯುವುದಿಲ್ಲ. ಫ್ಯಾನ್ ಆರಿಸಿ, ಒಂದು ಸಲಕ್ಕೆ ಒಂದೇ ಬ್ರೇಸ್. ಗೋ-ಬಾರ್ ಡೆಕ್ ಮಾಡಿಕೊಂಡರೆ ಬಹಳ ಅನುಕೂಲ. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ಬಾಗಿಸಿ ನಿಲ್ಲಿಸಿದ ಬಿದಿರ ಕಡ್ಡಿಗಳು. ಪ್ರತಿ 5 ಸೆಂ.ಮೀ.ಗೆ ಒಂದು ಕಡ್ಡಿ ಇಟ್ಟರೆ ಒತ್ತಡ ಸಮನಾಗಿ ಬೀಳುತ್ತದೆ. ಎರಡು ದೊಡ್ಡ ಕ್ಲಾಂಪ್‌ಗಳನ್ನು ತುದಿಗಳಿಗೆ ಮಾತ್ರ ಬಿಗಿದರೆ ನಡು ಎದ್ದು ನಿಲ್ಲುತ್ತದೆ.

ಯಾವ ಅಂಟು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಕುರ್ಚಿ ಮೇಜಿಗೆ ಬಳಸುವ ಬಿಳಿ ಅಂಟು ಬೇಡ. ಅದರ ಹಿಡಿತ ಕಡಿಮೆ ಅಂತಲ್ಲ. ಬಿಡದೆ ಎಳೆಯುವ ಭಾರದ ಕೆಳಗೆ, ಅದರಲ್ಲೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ, ಅದು ಮೆಲ್ಲಗೆ ಜಾರುತ್ತದೆ. ಹಳದಿ ಅಂಟು ಸಾಕು. ಕೈ ಪಳಗಿದವರು ಬಿಸಿ ಸರೇಸು, ಅಂದರೆ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು, ಬಳಸಬಹುದು. ಸರೇಸಿನ ದೊಡ್ಡ ಗುಣ ಅಂದರೆ ಹಳೆಯದರ ಮೇಲೆ ಹೊಸದು ಹಿಡಿಯುತ್ತದೆ. ಹಳದಿ ಅಂಟು ಹಾಗಲ್ಲ. ಬಿಟ್ಟ ಜಾಗವನ್ನು ಮತ್ತೆ ಅಂಟಿಸುವಾಗ ಹಳೆಯದನ್ನು ಬರಿ ಮರ ಕಾಣುವವರೆಗೆ ಕೆರೆಯಲೇಬೇಕು.

ಬಿಟ್ಟಿರುವುದು ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಆದರೆ ಸಂದಿಯಲ್ಲಿ ಸ್ಯಾಂಡ್‌ಪೇಪರ್ ಪಟ್ಟಿ ಆಡಿಸಿ ಶುಚಿ ಮಾಡಿ. ತೆಳು ಹಾಳೆಯ ಮೇಲೆ ಅಂಟು ಹಚ್ಚಿ ಒಳಕ್ಕೆ ಸವರಿ ಬಿಗಿಯಿರಿ. ನಡುವೆ ಬಿಟ್ಟಿದ್ದರೆ ಪೂರ್ತಿ ತೆಗೆಯುವುದೇ ಒಳ್ಳೆಯದು. ಹಳದಿ ಅಂಟು 65-70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುತ್ತದೆ. ಬ್ರೇಸಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಂಚಿಟ್ಟು ಕಾಯಿಸಿ. ಬಣ್ಣ ಕಲಸುವ ತೆಳು ಚಾಕುವನ್ನು ಬಿಸಿ ಮಾಡಿ ತುದಿಯಿಂದ ಸ್ವಲ್ಪ ಸ್ವಲ್ಪವೇ ತೂರಿಸಿ. ಟಾಪಿನ ಎಳೆ ಕಿತ್ತು ಬರುವ ಹಾಗಿದ್ದರೆ ನಿಲ್ಲಿಸಿ ಎದುರು ತುದಿಯಿಂದ ಬನ್ನಿ. ಇಷ್ಟೆಲ್ಲ ಕಷ್ಟವಾದರೆ ಬ್ರೇಸನ್ನೇ ಕೀಸುಳಿಯಿಂದ ಕೆತ್ತಿ ತೆಗೆದು ಹೊಸದು ಹಾಕಿ. ಒಂದು ಬ್ರೇಸ್ ಹೋದರೆ ಹೋಗಲಿ, ಟಾಪ್ ಉಳಿಯಬೇಕು.

ಎಕ್ಸ್ ಕೂಡುವ ಜಾಗ

ಎರಡು ಉದ್ದ ಬ್ರೇಸ್‌ಗಳು ಸೌಂಡ್‌ಹೋಲ್ ಮತ್ತು ಬ್ರಿಡ್ಜ್ ನಡುವೆ ಒಂದನ್ನೊಂದು ದಾಟುತ್ತವೆ. ಎರಡರಲ್ಲೂ ಅರ್ಧರ್ಧ ಕಚ್ಚು ಕೊಟ್ಟು ಕೂಡಿಸಿರುತ್ತಾರೆ. ಒಂದರ ಕಚ್ಚು ಟಾಪಿನ ಕಡೆಗೆ, ಇನ್ನೊಂದರದ್ದು ಬಾಯಿ ತೆರೆದು ನಮ್ಮ ಕಡೆಗೆ ಇರುತ್ತದೆ. ಈ ಬಾಯಿ ತೆರೆದ ಬ್ರೇಸೇ ದುರ್ಬಲ. ಅಲ್ಲಿ ಅರ್ಧ ಎತ್ತರದ ಮರ ಮಾತ್ರ ಕೆಲಸ ಮಾಡುತ್ತಿರುತ್ತದೆ.

ಅಂಟಿಸುವ ಮುಂಚೆ ಒಣಗೇ ಕೂಡಿಸಿ ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾದರೆ ಬಹಳ ಬಿಗಿ, ಕಚ್ಚಿನ ಮೂಲೆಯಿಂದ ಸೀಳು ಹೊರಡುತ್ತದೆ. ಎತ್ತಿ ಹಿಡಿದಾಗ ತಾನೇ ಬಿದ್ದರೆ ಬಹಳ ಸಡಿಲ. ಸಡಿಲ ಇದ್ದರೆ ಅಂಟಿನಿಂದ ತುಂಬಿಸುತ್ತೇನೆ ಅನ್ನಬೇಡಿ. ಅದೇ ಮರದ ಕೀಸಿದ ತೆಳು ಚಕ್ಕೆ ಇಟ್ಟು ತುಂಬಿ. ತಳಗಳು ಎರಡೂ ಒಂದೇ ಮಟ್ಟದಲ್ಲಿವೆಯಾ ಎಂದೂ ನೋಡಿ. ಕಚ್ಚಿನ ಆಳ ಅರ್ಧ ಮಿಲಿಮೀಟರ್ ಕಡಿಮೆಯಾದರೂ ಕೂಡಿನ ಹತ್ತಿರ ಒಂದು ಬ್ರೇಸ್ ಟಾಪಿನಿಂದ ಎದ್ದೇ ಇರುತ್ತದೆ. ಎಷ್ಟೇ ಬಿಗಿದರೂ ಟಾಪ್ ಅಲ್ಲಿಗೆ ಎದ್ದು ಬಂದು ಹೊರಮೈಯಲ್ಲಿ ಗುಳಿ ಬೀಳುತ್ತದೆ. ಟಾರ್ಚನ್ನು ಟಾಪಿನ ಹೊರಮೈಗೆ ಸಮಾನಾಂತರವಾಗಿ ಮಲಗಿಸಿ ಹಿಡಿದರೆ ಈ ಗುಳಿ ನೆರಳಾಗಿ ಕಾಣುತ್ತದೆ.

ಬಾಯಿ ತೆರೆದ ಕಚ್ಚಿನ ಮೇಲೆ ಒಂದು ಮುಚ್ಚಳ ಬೇಕೇ ಬೇಕು. ಅಂಟಿನಲ್ಲಿ ಅದ್ದಿದ ಹತ್ತಿ ಬಟ್ಟೆಯ ತುಂಡು ಹಳೆಯ ಪದ್ಧತಿ. ತೆಳು ಸ್ಪ್ರೂಸ್ ತುಂಡನ್ನು ಬಾಯಿ ತೆರೆದ ಬ್ರೇಸಿನ ಎಳೆಯ ಗುಂಟ ಅಂಟಿಸುವುದು ನನಗೆ ಇಷ್ಟ. ಕಿಟ್‌ನಲ್ಲಿ ಬಂದ ಈ ಪುಟ್ಟ ಬಟ್ಟೆ ತುಂಡನ್ನು ಪ್ಯಾಕಿಂಗ್ ಎಂದುಕೊಂಡು ಎಸೆದವರನ್ನು ನೋಡಿದ್ದೇನೆ. ಅದು ಪ್ಯಾಕಿಂಗ್ ಅಲ್ಲ.

ಬ್ರೇಸಿನ ಮರವನ್ನೂ ಇದೇ ಹೊತ್ತಿಗೆ ನೋಡಿಬಿಡಿ. ತುದಿಯಲ್ಲಿ ಕಾಣುವ ವರ್ಷದ ಗೆರೆಗಳು ಟಾಪಿಗೆ ನೇರವಾಗಿ ನಿಂತಿರಬೇಕು. ಕತ್ತರಿಸಿ ಬಿಟ್ಟ ತುಂಡೊಂದನ್ನು ಉಳಿಯಿಂದ ಸೀಳಿ ನೋಡಿ. ಸೀಳು ಕಡ್ಡಿಯ ಉದ್ದಕ್ಕೆ ನೇರ ಹೋದರೆ ಒಳ್ಳೆಯ ಮರ. ಪಕ್ಕಕ್ಕೆ ಹೊರಟುಹೋದರೆ ಆ ಕಡ್ಡಿಯನ್ನು ಎಕ್ಸ್‌ಗೆ ಹಾಕಬೇಡಿ.

ಪಿನ್ ತೂತು ಬ್ರೇಸಿಗೆ ತಗಲುತ್ತಿದೆ

ಪಿನ್ ತೂತು ಅಂದರೆ ತಂತಿಯ ತುದಿಯನ್ನು ಪಿನ್ ಹಾಕಿ ಸಿಕ್ಕಿಸಲು ಬ್ರಿಡ್ಜ್‌ನಲ್ಲಿ ಕೊರೆಯುವ ತೂತು. ಇದು ಪ್ಲಾನ್ ಕಾಗದದ ದೋಷ. ಪ್ರಿಂಟ್ ಮಾಡಿಸುವಾಗ ಪುಟಕ್ಕೆ ಹೊಂದಿಸು ಎಂದು ಒತ್ತಿದರೆ ಇಡೀ ನಕ್ಷೆ ಕುಗ್ಗಿ ಬರುತ್ತದೆ. ನಕ್ಷೆಯ ಮೇಲೆ ಬರೆದ ಒಂದು ಅಳತೆಯನ್ನು ಸ್ಕೇಲ್ ಇಟ್ಟು ನೋಡಿ. ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) 645 ಮಿ.ಮೀ. ಅಂತ ಇದ್ದರೆ ಅಷ್ಟೇ ಇರಬೇಕು. ಆಮೇಲೆ ಬ್ರಿಡ್ಜ್‌ನ ಆಕಾರವನ್ನು ಕಾಗದದಲ್ಲಿ ಕತ್ತರಿಸಿ, ತೂತುಗಳನ್ನೂ ಗುರುತಿಸಿ, ಟಾಪಿನ ಒಳಮೈ ಮೇಲೆ ಇಟ್ಟು ನೋಡಿ. ಆರೂ ತೂತು ಬ್ರಿಡ್ಜ್ ಪ್ಲೇಟ್ ಒಳಗೆ ಬೀಳಬೇಕು. ಎಕ್ಸ್ ಕಾಲುಗಳು ಬ್ರಿಡ್ಜ್‌ನ ಎರಡು ರೆಕ್ಕೆಗಳ ಕೆಳಗೆ ಹಾದುಹೋಗಬೇಕು. ಅಂಟಿಸಿದ ಮೇಲೆ ಗೊತ್ತಾದರೆ ಬ್ರೇಸ್ ಕೊರೆದು ತೂತು ಮಾಡಬೇಡಿ. ತೆಗೆದು ಸರಿಯಾದ ಜಾಗಕ್ಕೆ ಹಾಕಿ.

ಟಾಪ್ ಮುಚ್ಚುವಾಗ ಅಂಚಿನಲ್ಲಿ ಸಂದಿ

ಬಿಗಿದರೆ ಮುಚ್ಚಿಕೊಳ್ಳುತ್ತದೆ ಎಂದು ಕ್ಲಾಂಪ್ ತಿರುಗಿಸುವ ಮುಂಚೆ ನಿಲ್ಲಿ. ಎಕ್ಸ್ ಮತ್ತು ಮೇಲಿನ ಅಡ್ಡ ಬ್ರೇಸಿನ ತುದಿಗಳು ಲೈನಿಂಗ್‌ನಲ್ಲಿ (ಪಕ್ಕದ ಹಲಗೆಗಳ ಒಳ ಅಂಚಿಗೆ ಅಂಟಿಸಿದ ಮರದ ಪಟ್ಟಿ) ಕೊರೆದ ಗುಂಡಿಗಳ ಒಳಗೆ ಕೂರುತ್ತವೆ. ತುದಿ 2 ಮಿ.ಮೀ. ದಪ್ಪಕ್ಕೆ ಇಳಿದಿದ್ದು ಗುಂಡಿ ಒಂದೂವರೆ ಆಳ ಇದ್ದರೆ ಅಲ್ಲಿ ಅರ್ಧ ಮಿಲಿಮೀಟರ್ ಸಂದಿ ಇದ್ದೇ ಇರುತ್ತದೆ. ಗುಂಡಿಯನ್ನು ಆಳ ಮಾಡಿ, ಬ್ರೇಸ್ ತುದಿಯನ್ನು ತೆಳು ಮಾಡಬೇಡಿ. ತುದಿ ಸೊನ್ನೆಗೆ ಇಳಿದು ಲೈನಿಂಗ್ ಮುಟ್ಟದೆ ನಿಂತರೆ ಆ ಜಾಗದಲ್ಲಿ ಟಾಪ್ ಮುಂದೆ ಸೀಳುತ್ತದೆ. ಟೋನ್ ಬಾರ್ (ಬ್ರಿಡ್ಜ್ ಹಿಂದಿನ ಓರೆ ಬ್ರೇಸ್) ಮತ್ತು ಪಕ್ಕದ ಸಣ್ಣ ಬೆರಳು ಬ್ರೇಸ್‌ಗಳು ಮಾತ್ರ ಲೈನಿಂಗ್‌ಗಿಂತ ಮುಂಚೆಯೇ ನಿಂತರೆ ತೊಂದರೆ ಇಲ್ಲ.

ತಂತಿ ಕಟ್ಟಿದ ಮೇಲೆ ಬ್ರಿಡ್ಜ್ ಹಿಂದೆ ಹೊಟ್ಟೆ ಬಂದಿದೆ

ಸ್ವಲ್ಪ ಹೊಟ್ಟೆ ಬರಲೇಬೇಕು. ತಂತಿ ಬ್ರಿಡ್ಜನ್ನು ಮುಂದಕ್ಕೆ ಮಗುಚಲು ನೋಡುತ್ತದೆ. ಹಿಂದೆ ಏಳುತ್ತದೆ, ಮುಂದೆ ತಗ್ಗುತ್ತದೆ. ಮೊದಲ ಒಂದೆರಡು ವಾರದಲ್ಲಿ ಬಂದು ಅಲ್ಲಿಗೇ ನಿಂತರೆ ಗಾಬರಿ ಬೇಡ. ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಸೌಂಡ್‌ಹೋಲ್ ಕಡೆ ಗುಳಿ ಆಳವಾಗುತ್ತಿದ್ದರೆ ಒಳಗೆ ನೋಡಲೇಬೇಕು.

ಮೊದಲು ಕನ್ನಡಿ ತೂರಿಸಿ ಎಕ್ಸ್ ಕೂಡಿನ ಮುಚ್ಚಳ ನೋಡಿ. ಅದರ ಅಂಚು ಎದ್ದಿದ್ದರೆ ಅಲ್ಲಿಂದಲೇ ಶುರು. ಮುಂದೆ ಬ್ರಿಡ್ಜ್ ಪ್ಲೇಟ್. ಪಿನ್ ತೂತಿಂದ ತೂತಿಗೆ ಬಿರುಕು ಓಡಿದೆಯಾ? ಪ್ಲೇಟಿನ ಎಳೆ ಟಾಪಿನ ಎಳೆಗೆ ಅಡ್ಡಲಾಗಿ ಇರಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಪ್ಲೇಟ್ ಇದ್ದೂ ಹೆಚ್ಚು ಪ್ರಯೋಜನ ಇಲ್ಲ.

ಎರಡೂ ಸರಿ ಇದ್ದರೆ ಉಳಿದದ್ದು ಒಂದೇ, ಬ್ರೇಸನ್ನು ಜಾಸ್ತಿ ಕೆತ್ತಿದ್ದೀರಿ. ಸದ್ದು ಬಿಚ್ಚಿಕೊಳ್ಳಲಿ ಎಂದು ಕೆತ್ತುತ್ತಾ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಲೆಕ್ಕ ನೆನಪಿಡಿ. ಬ್ರೇಸಿನ ಅಗಲ ಅರ್ಧಕ್ಕೆ ಇಳಿದರೆ ಬಿಗಿತ ಅರ್ಧವಾಗುತ್ತದೆ. ಆದರೆ ಎತ್ತರ ಅರ್ಧಕ್ಕೆ ಇಳಿದರೆ ಬಿಗಿತ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ. 16 ಮಿ.ಮೀ. ಎತ್ತರದಿಂದ ಬರೀ 2 ಮಿ.ಮೀ. ಕೆತ್ತಿದರೂ ಮೂರನೇ ಒಂದು ಭಾಗ ಬಿಗಿತ ಹೋಯಿತು. ಹಾಗಾಗಿ ಮೊದಲ ಕಿಟ್‌ನಲ್ಲಿ ಬದಿಗಳನ್ನು ಬೇಕಾದರೆ ಇಳಿಜಾರು ಮಾಡಿ, ಎತ್ತರ ಮುಟ್ಟಬೇಡಿ.

ಈ ಪಾಠ ಹಳೆಯದು. ಸ್ಯಾಕ್ಸನಿಯಿಂದ 1833ರಲ್ಲಿ ಅಮೆರಿಕಕ್ಕೆ ಹೋದ ಸಿ.ಎಫ್. ಮಾರ್ಟಿನ್ 1840ರ ದಶಕದಲ್ಲಿ ಎಕ್ಸ್ ಬ್ರೇಸ್ ಹಾಕಿದಾಗ ಇದ್ದದ್ದು ಕರುಳಿನ ತಂತಿ. ಅದೇ ಜೋಡಣೆ ಮುಂದೆ ಸ್ಟೀಲ್ ತಂತಿಯ ಭಾರವನ್ನೂ ಹೊತ್ತಿತು. ಆದರೂ ದಪ್ಪ ತಂತಿಗಳ ಕಾಲ ಬಂದಾಗ ಮಾರ್ಟಿನ್ ಕಂಪನಿ ಬ್ರೇಸ್‌ಗಳ ನಡುಭಾಗವನ್ನು ತಗ್ಗಾಗಿ ಕೆತ್ತುವುದನ್ನು 1944ರಲ್ಲಿ ನಿಲ್ಲಿಸಿತು. 1976ರ ಎಚ್‌ಡಿ-28 ಮಾದರಿಯಲ್ಲಿ ಅದು ಮತ್ತೆ ಬಂತು. ನೀವು ಕೆತ್ತಿದ ಬ್ರೇಸ್ ಹಾಕಿದ್ದರೆ 13-56 ದಪ್ಪ ಸೆಟ್ ಕಟ್ಟಬೇಡಿ. 12 ಅಥವಾ 11ರ ಸೆಟ್‌ಗೆ ಇಳಿಯಿರಿ. ಎಷ್ಟೋ ಸಲ ಹೊಟ್ಟೆ ಅಲ್ಲಿಗೇ ನಿಲ್ಲುತ್ತದೆ.

ಒಂದೇ ಸ್ವರಕ್ಕೆ ಗರಗರ ಎನ್ನುತ್ತದೆ

ಫ್ರೆಟ್ ದೋಷವಾದರೆ ಒಂದು ತಂತಿಯ ಒಂದು ಜಾಗದಲ್ಲಿ ಮಾತ್ರ ಗರಗರ. ಅದೇ ಸ್ವರವನ್ನು ಬೇರೆ ತಂತಿಯಲ್ಲಿ ಬಾರಿಸಿ. ಅಲ್ಲೂ ಗರಗರ ಬಂದರೆ ಡಬ್ಬದ ಒಳಗೆ ಏನೋ ಸಡಿಲ ಇದೆ. ಬ್ರೇಸನ್ನು ದೂರುವ ಮುಂಚೆ ಪಿಕಪ್ ವೈರ್, ಟ್ಯೂನರ್ ನಟ್, ಪ್ಲೇಟಿಗೆ ಸರಿಯಾಗಿ ಕೂರದ ತಂತಿಯ ಗುಂಡು ಇವನ್ನು ನೋಡಿ. ಒಬ್ಬರು ಆ ಸ್ವರ ಬಾರಿಸುತ್ತಿರಲಿ, ನೀವು ಹೊರಗಿನಿಂದ ಟಾಪಿನ ಒಂದೊಂದು ಜಾಗವನ್ನು ಬೆರಳಿನಿಂದ ಒತ್ತುತ್ತಾ ಬನ್ನಿ. ಎಲ್ಲಿ ಒತ್ತಿದಾಗ ಸದ್ದು ನಿಂತಿತೋ ಅದರ ಸುತ್ತಮುತ್ತ ಒಂದು ಬ್ರೇಸ್ ತುದಿ ಎದ್ದಿರುತ್ತದೆ. ಹಿಂಬದಿ ಹಲಗೆಯನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಬಂದು ಮಳೆಗಾಲದಲ್ಲಿ ಹೋಗುವ ಗರಗರ ಹೆಚ್ಚಾಗಿ ಹಿಂಬದಿಯದ್ದೇ.

ಸರಿಪಡಿಸುವಾಗ ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಿ. ಸಂದಿಗೆ ಸಿರಿಂಜ್‌ನಿಂದ ಅಂಟು ಬಿಡಿ, ಹಾಳೆಯಿಂದ ಒಳಕ್ಕೆ ತಳ್ಳಿ. ಒತ್ತಲು ಒಂದು ಉದ್ದ ಬೋಲ್ಟ್, ಒಂದು ನಟ್, ಎರಡು ಮರದ ತುಂಡು ಸೇರಿಸಿ ಪುಟ್ಟ ಜಾಕ್ ಮಾಡಿಕೊಳ್ಳಬಹುದು. ಒಂದು ತುದಿ ಬಿಟ್ಟ ಬ್ರೇಸಿನ ಮೇಲೆ, ಇನ್ನೊಂದು ತುದಿ ಎದುರು ಹಲಗೆಯ ಬ್ರೇಸ್ ಮೇಲೆ. ಬರೀ ಹಲಗೆಯ ಮೇಲೆ ಇಟ್ಟರೆ ಅದು ಹೊರಕ್ಕೆ ಉಬ್ಬಿ ಸೀಳಬಹುದು. ಸಂದಿ ಮುಚ್ಚುವಷ್ಟು ಮಾತ್ರ ತಿರುಗಿಸಿ, ಒಂದು ಸುತ್ತೂ ಜಾಸ್ತಿ ಬೇಡ. ಜಿನುಗಿದ ಅಂಟನ್ನು ಕಡ್ಡಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಒರೆಸಿ. 24 ಗಂಟೆ ಬಿಟ್ಟು ಜಾಕ್ ತೆಗೆಯಿರಿ. ಮೊದಲ ದಿನ ತಂತಿಯನ್ನು ಎರಡು ಸ್ವರ ಕೆಳಗೇ ನಿಲ್ಲಿಸಿ. ಮರುದಿನ ಕನ್ನಡಿಯಲ್ಲಿ ಆ ತುದಿಯನ್ನು ಇನ್ನೊಮ್ಮೆ ನೋಡಿ, ಹಾಳೆ ಹೋಗುವುದಿಲ್ಲ ಎಂದಾದ ಮೇಲೆ ಪೂರ್ತಿ ಶ್ರುತಿಗೆ ತನ್ನಿ.